ಫೋನಿತ್ತಲ್ಲ, ಮತ್ತೇನಾಗಿತ್ತು ನಿಂಗೆ?

ಮೇಲಿರೋದೇ ಪ್ರಶ್ನೆ. ಕೋವಿಡ್ ಟೈಮಲ್ಲಿ ಡಿಪ್ರೆಶನ್ ಆಗಿ ಕೌನ್ಸೆಲಿಂಗ್‌ಗೆ ಹೋಗಿದ್ದೆ ಅಂತ ಒಂದ್ಸಲ ಬಾಯಿಬಿಟ್ಟಿದ್ದೇ ತಪ್ಪಾಯ್ತು, ಅವತ್ತಿಂದ ಸಿಕ್ಕಿದವರೆಲ್ಲ ಕೇಳ್ತಾರೆ. "ರೂಮಲ್ಲಿ ಆರಾಮಾಗಿದ್ದೆ, ಕೈಯಲ್ಲಿ ಫೋನಿತ್ತು, ಕಾಯಿಲೆಗೆ ಹೆದರಬೇಕಾದ ವಯಸ್ಸು ನಮ್ದು, ನಿಂಗೇನಾಗಿತ್ತು?" ಮೊದಮೊದಲು ನಗ್ತಾ ಉತ್ತರ ಕೊಡ್ತಿದ್ದೆ. ಇನ್ನು ಆಗಲ್ಲ, ಓದ್ಕೊಳ್ಳಿ.

ಆ "ಆರಾಮಾಗಿ" ಇದೆಯಲ್ಲ, ಅದನ್ನ ಹೇಳುವಾಗ ಜನ ಕೈಯನ್ನ ಗಾಳೀಲಿ ಹಾಸಿಗೆ ಥರ ಹಾಸಿ ತೋರಿಸ್ತಾರೆ. ಅದಕ್ಕೇ ನಂಗೆ ಮೈ ಉರಿಯೋದು.

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) ಕೋವಿಡ್‌ನ ಪ್ಯಾಂಡೆಮಿಕ್, ಅಂದ್ರೆ ಜಗತ್ತಿಗೆಲ್ಲ ಹಬ್ಬಿದ ಪಿಡುಗು ಅಂದಾಗ ನಂಗೆ 20. ಆಮೇಲೆ ಒಂದಿನ ಬೆಳಿಗ್ಗೆ ಆನ್‌ಲೈನ್ ಕ್ಲಾಸು, ಅಟೆಂಡೆನ್ಸ್ ಕರೆದ್ರು, ಅನ್‌ಮ್ಯೂಟ್ ಮಾಡಿ "ಪ್ರೆಸೆಂಟ್ ಸರ್" ಅಂದೆ, ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ ಏನೋ ಸದ್ದು ಬಂತು. "ಯಾರಪ್ಪ ಅದು?" ಅಂತ ಕೇಳಿದ್ರು ಸರ್. ಆಮೇಲೆ ಲೆಕ್ಕ ಹಾಕಿದ್ರೆ ನಾನು ಬಾಯಿಬಿಟ್ಟು ಮಾತಾಡಿ ಎರಡು ದಿನ ಆಗಿತ್ತು. ಹಂಗಂತ ಒಂಟಿಯಾಗಿದ್ನಾ? ಹಿಂದಿನ ರಾತ್ರಿ ಎರಡು ಗಂಟೆವರೆಗೂ ಚಾಟ್ ಮಾಡಿದ್ದೆ. ಮಾತಾಡಿದ್ದೆಲ್ಲ ಹೆಬ್ಬೆರಳು, ಗಂಟಲಲ್ಲ.

ಇದನ್ನ ಕೌನ್ಸೆಲರ್‌ಗೆ ಜೋಕ್ ಥರ ಹೇಳಿದ್ರೆ ಅವರು ನಗ್ಲಿಲ್ಲ. "ಕೆಲಸವಿಲ್ಲದ ಮಾತು ಕೊನೇಸಲ ಯಾರ ಹತ್ರ ಆಡಿದ್ದು?" ಅಂದ್ರು. ನೆನಪಾಗ್ಲಿಲ್ಲ. ಫೋನು ಕ್ಲೋಸ್ ಫ್ರೆಂಡ್ಸನ್ನ ಉಳಿಸಿತ್ತು, ಒಪ್ತೀನಿ. ಆದ್ರೆ ಲೈಬ್ರರಿ ಬಾಗಿಲಲ್ಲಿ ದಿನಾ ತಲೆಯಾಡಿಸೋನು, ಕ್ಯೂನಲ್ಲಿ ಹಿಂದೆ ನಿಂತು ನಿಟ್ಟುಸಿರು ಬಿಡೋಳು, ಹೆಸರೂ ಗೊತ್ತಿಲ್ಲದೆ ಪರೀಕ್ಷೆ ದಿನ "ಓದಿದ್ಯಾ?" "ಏನಿಲ್ಲ ಗುರು" ಅಂತ ಇಬ್ರೂ ಸುಳ್ಳು ಹೇಳ್ಕೊಳ್ತಿದ್ದ ಆ ಹುಡುಗ, ಇವರಿಗೆಲ್ಲ ಏನಂತ ಫೋನ್ ಮಾಡ್ಲಿ? "ಹಲೋ, ಸುಮ್ನೆ ತಲೆಯಾಡಿಸೋಣ ಅಂತ ಮಾಡಿದೆ" ಅಂತಲಾ? ನಿಮ್ಮ ವಯಸ್ಸಿಗೆ ನೀವು ಯಾರು ಅಂತ ನಿಮಗೆ ಗೊತ್ತಾಗಿರುತ್ತೆ. 20ರಲ್ಲಿ ಅದನ್ನ ಇಂಥವರಿಗೆಲ್ಲ ಡಿಕ್ಕಿ ಹೊಡ್ಕೊಂಡೇ ತಿಳ್ಕೊಬೇಕು, ಡಿಕ್ಕಿ ಹೊಡೆಯೋದೇ ನಿಷೇಧ ಆಗಿತ್ತು.

ಮತ್ತೆ ಆ "ಸಾಮಾಜಿಕ ಅಂತರ" ಅನ್ನೋ ಹೆಸರು. ಅದೇ ಮಾರ್ಚ್‌ನಲ್ಲಿ ಡಬ್ಲ್ಯೂಎಚ್‌ಒದವರೇ ಇದನ್ನ ದೈಹಿಕ ಅಂತರ ಅನ್ನಿ, ದೂರ ಇರಬೇಕಾದ್ದು ಮೈ, ಸಂಬಂಧ ಅಲ್ಲ ಅಂದಿದ್ರು. ಯಾರ ಬಾಯಲ್ಲೂ ನಿಲ್ಲಲಿಲ್ಲ. ಅದೇ ಸಂಸ್ಥೆ 2022ರಲ್ಲಿ, ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ, ಖಿನ್ನತೆ 25% ಜಾಸ್ತಿ ಆಯ್ತು, ಹೆಚ್ಚು ಪೆಟ್ಟು ಬಿದ್ದಿದ್ದು ಯುವಜನರಿಗೆ, ಹೆಂಗಸರಿಗೆ ಅಂತು. ಅಂದ್ರೆ ನಾನೊಬ್ಬನೇ ನಾಜೂಕು ಪಿಂಡ ಅಲ್ಲ. (ಇದನ್ನ ಹೇಳಿದ್ರೆ "ನಮ್ ಕಾಲದಲ್ಲಿ" ಶುರುವಾಗುತ್ತೆ. ನಿಮ್ ಕಾಲದಲ್ಲೂ ಆಗಿರುತ್ತೆ ಬಿಡಿ, ಯಾರೂ ಲೆಕ್ಕ ಇಟ್ಟಿರ್ಲಿಲ್ಲ.)

ನಿಜ ಹೇಳ್ಬೇಕಂದ್ರೆ ಯಾರಾದ್ರೂ ಬೇರೆ ಪ್ರಶ್ನೆ ಕೇಳಿದ್ರೆ ಖುಷಿಯಾಗ್ತಿತ್ತು: ಬಾಗಿಲು ತೆಗೆದ ಮೇಲೆ ಏನಾಯ್ತು? ಯಾಕಂದ್ರೆ ಒಳಗಿದ್ದಾಗ ಎಲ್ರೂ ಒಳಗಿದ್ರು. ಹೊರಗೆ ಬಂದ ಮೇಲೆ ಎಲ್ರೂ ಸರಿಹೋದ್ರು, ನಾನು ಮಾತ್ರ ಹೋಗ್ಲಿಲ್ಲ ಅನ್ನಿಸೋದಿದೆಯಲ್ಲ, ಅದು ಜಾಸ್ತಿ ಕಷ್ಟ. 2023ರ ಮೇ 5ಕ್ಕೆ ಡಬ್ಲ್ಯೂಎಚ್‌ಒದವರು ಕೋವಿಡ್ ಎಮರ್ಜೆನ್ಸಿ ಮುಗೀತು ಅಂತ ಘೋಷಿಸಿದ್ರು, ನನ್ ತಲೆಗೆ ಯಾರೂ ತಿಳಿಸಿರ್ಲಿಲ್ಲ.

ಎಲ್ಲ ಓಪನ್ ಆದ್ಮೇಲೆ ಮೊದಲ ಸಲ ನಾಲ್ಕು ಜನ ಸೇರಿದ್ವಿ. ವರ್ಷದಿಂದ ಕಾದಿದ್ದ ದಿನ. ಹತ್ತೇ ನಿಮಿಷಕ್ಕೆ ಬೆವರು, ಯಾರ ಮುಖ ನೋಡ್ಬೇಕು, ಎಷ್ಟು ಹೊತ್ತು ನೋಡ್ಬೇಕು, ನಗು ಯಾವಾಗ ನಿಲ್ಲಿಸ್ಬೇಕು ಏನೂ ಗೊತ್ತಾಗ್ತಿಲ್ಲ. ಎದ್ದು ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕ್ಕೊಂಡು, ಹೊರಗೆ ನನ್ ಕುರ್ಚಿ ಪಕ್ಕ ಕೂತಿದ್ದ ಗೆಳೆಯನಿಗೆ ಮೆಸೇಜ್ ಹಾಕ್ದೆ: "ಹೊಟ್ಟೆ ಸರಿ ಇಲ್ಲ ಕಣೋ, ಹೊರಡ್ಲಾ?"

ತಕ್ಷಣ ಉತ್ತರ ಬಂತು. "ಥ್ಯಾಂಕ್ಸ್ ಮಾರಾಯ. ಯಾರಾದ್ರೂ ಮೊದ್ಲು ಏಳ್ಲಿ ಅಂತಾನೇ ಕಾಯ್ತಿದ್ದೆ."