ರೈಲು ನಿಲ್ದಾಣದ ವೈಫೈ: ಅರ್ಧ ಗಂಟೆ ಬಿಟ್ಟಿ, ಆಮೇಲೆ ದುಡ್ಡು

ನಿಲ್ದಾಣದಲ್ಲಿ ಫೋನಿನ ವೈಫೈ ಪಟ್ಟಿ ತೆರೆದು ‘ರೈಲ್‌ವೈರ್’ ಒತ್ತಿ. ಲಾಗಿನ್ ಪುಟ ಬರುತ್ತದೆ. ಮೊಬೈಲ್ ನಂಬರ್ ಹಾಕಿ, ಎಸ್ಸೆಮ್ಮೆಸ್ಸಿನಲ್ಲಿ ಬಂದ ಓಟಿಪಿ ತುಂಬಿದರೆ ದಿನಕ್ಕೆ ಮೊದಲ 30 ನಿಮಿಷ ಉಚಿತ, ವೇಗ 1 ಎಂಬಿಪಿಎಸ್. ಟಿಕೆಟ್ ನೋಡಲು, ಮೆಸೇಜ್ ಕಳಿಸಲು ಧಾರಾಳ ಸಾಕು.

ಹೆಚ್ಚು ಬೇಕಿದ್ದರೆ ಹಣ ಕೊಡಬೇಕು. 2021ರ ಮಾರ್ಚ್‌ನಲ್ಲಿ ಈ ವೈಫೈ ನಡೆಸುವ ರೈಲ್ವೆ ಕಂಪನಿ ರೈಲ್‌ಟೆಲ್ ಪ್ಲಾನ್‌ಗಳನ್ನು ತಂದಾಗ 10 ರೂಪಾಯಿಗೆ ಒಂದು ದಿನ 5 ಜಿಬಿ, 70 ರೂಪಾಯಿಗೆ 30 ದಿನ 60 ಜಿಬಿ ಇತ್ತು, ಜಿಎಸ್‌ಟಿ ಬೇರೆ. ವೇಗ 34 ಎಂಬಿಪಿಎಸ್‌ವರೆಗೆ. ಈಗಿನ ದರ ಪುಟದಲ್ಲೇ ನೋಡಿಕೊಳ್ಳಿ. ದಿನಾ ಓಡಾಡುವವರಿಗೆ ತಿಂಗಳ ಪ್ಲಾನೇ ಲಾಭ.

ಹೆಚ್ಚಿನವರು ಒದ್ದಾಡುವುದು ಲಾಗಿನ್ ಪುಟವೇ ಬರದಿದ್ದಾಗ. ‘ಕನೆಕ್ಟೆಡ್, ನೋ ಇಂಟರ್ನೆಟ್’ ಎಂದು ಸುಮ್ಮನೆ ನಿಂತುಬಿಡುತ್ತದೆ. ಮುಖ್ಯ ಕಾರಣ ವಿಪಿಎನ್ (ನೆಟ್ ಬಳಕೆಯನ್ನು ಗುಟ್ಟಾಗಿ ಬೇರೊಂದು ಸರ್ವರ್ ಮೂಲಕ ಕಳಿಸುವ ಆ್ಯಪ್) ಅಥವಾ ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್ಎಸ್’: ಫೋನು ವೆಬ್‌ಸೈಟ್‌ಗಳ ವಿಳಾಸ ಹುಡುಕುವ ಕೋರಿಕೆಯನ್ನು ಬೇರೆ ಸರ್ವರ್‌ಗೆ ಕಳಿಸಲು ಇವು ಹೊರಡುತ್ತವೆ, ಲಾಗಿನ್ ಆಗುವವರೆಗೆ ಆ ದಾರಿ ಮುಚ್ಚಿರುತ್ತದೆ. ವಿಪಿಎನ್ ಆಫ್ ಮಾಡಿ, ಡಿಎನ್ಎಸ್ ‘ಆಟೊಮ್ಯಾಟಿಕ್’ಗೆ ತನ್ನಿ, ವೈಫೈ ಒಮ್ಮೆ ಬಿಟ್ಟು ಮತ್ತೆ ಸೇರಿಸಿ. ಲಾಗಿನ್ ಆದ ಕೂಡಲೇ ವಿಪಿಎನ್ ಮತ್ತೆ ಹಾಕಿಕೊಳ್ಳಿ, ಇದು ಎಲ್ಲರೂ ಸೇರುವ ಬಯಲು ನೆಟ್‌ವರ್ಕ್.

ಓಟಿಪಿಗೆ ಸಿಮ್‌ನಲ್ಲಿ ಸಿಗ್ನಲ್ ಇರಲೇಬೇಕು. ವಿದೇಶದಿಂದ ಬಂದ ನೆಂಟರು ಭಾರತದ ನಂಬರ್ ಇಲ್ಲದಿದ್ದರೆ ನಿಮ್ಮ ಹಾಟ್‌ಸ್ಪಾಟ್‌ನಲ್ಲೇ ಇರಲಿ.