‘ಅವರು’ ಬಂದರೋ, ‘ಅವು’ ಬಂದವೋ: ಒಂದು ಹಳೆಯ ಭಯದ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್

ಮೊದಲ ವಾರ

ಅಪ್ಪನಿಗೆ ದೆವ್ವದ ಚಿತ್ರ ಇಷ್ಟ, ಇಂಗ್ಲಿಷ್ ಕಷ್ಟ. ಪಕ್ಕದಲ್ಲಿ ಕುಳಿತು ‘ಈಗ ಏನೆಂದ?’ ಎಂಬ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಮುಂದಿನ ಎರಡು ಮಾತು ದಾಟಿಹೋಗಿರುತ್ತವೆ. ಅದಕ್ಕೇ ಈ ಸಾಹಸ: ಜಾರ್ಜ್ ರೊಮೆರೊ 1968ರಲ್ಲಿ ತೆರೆಗೆ ತಂದ ‘ನೈಟ್ ಆಫ್ ದ ಲಿವಿಂಗ್ ಡೆಡ್’ಗೆ ಪೂರ್ತಿ ಕನ್ನಡ ಸಬ್‌ಟೈಟಲ್. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುವ ಕಥೆ. 96 ನಿಮಿಷದ ಕಪ್ಪು ಬಿಳುಪು ಚಿತ್ರ, ಹೆಚ್ಚಿನದೆಲ್ಲ ಒಂದೇ ಮನೆಯೊಳಗೆ ನಡೆಯುತ್ತದೆ. ಇಷ್ಟಾದರೂ ಮುಗಿಸಬಲ್ಲೆ ಎಂಬ ಧೈರ್ಯ.

ಇದನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣ, ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಪಿಟ್ಸ್‌ಬರ್ಗಿನಲ್ಲಿ ಜಾಹೀರಾತು ಚಿತ್ರ ತೆಗೆಯುತ್ತಿದ್ದ ಗೆಳೆಯರು ಸುಮಾರು 1,14,000 ಡಾಲರಿನಲ್ಲಿ ಮುಗಿಸಿದ ಚಿತ್ರವಿದು. ರಕ್ತಕ್ಕೆ ಚಾಕೊಲೇಟ್ ಸಿರಪ್ಪು. ಹಣ ಹಾಕಿದವರಲ್ಲಿ ಒಬ್ಬ ಮಾಂಸದ ವ್ಯಾಪಾರಿಯಾಗಿದ್ದುದರಿಂದ ಕರುಳು ಗಿರುಳು ಅಸಲಿ. ಮೊದಲಿಗೆ ಇಟ್ಟ ಹೆಸರು ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’. ಹಂಚಿಕೆದಾರರು ಹೆಸರು ಬದಲಿಸಿ ಹೊಸ ಶೀರ್ಷಿಕೆ ಅಂಟಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ. ಮುಂದೆ ಮನೆಮನೆಗೆ ವಿಡಿಯೊ ಬಂದಾಗ, ಕೈಗೆ ಒಂದು ಪ್ರಿಂಟ್ ಸಿಕ್ಕಿದ ಯಾರು ಬೇಕಾದರೂ ಕ್ಯಾಸೆಟ್ ಮಾಡಿ ಮಾರಿದರು. ಮಾಡಿದವರಿಗೆ ಕಾಸು ಬರಲಿಲ್ಲ, ಚಿತ್ರ ಮಾತ್ರ ಊರೂರು ತಲುಪಿತು.

ನನಗೆ ತಲುಪಿದ್ದು ಫುಟ್‌ಪಾತಿನಲ್ಲಿ ಕೊಂಡ ಒಂದು ಡಿವಿಡಿ. ಪ್ರಿಂಟಿನ ಪ್ರಿಂಟಿನ ಪ್ರಿಂಟು ಇರಬೇಕು. ನೆಲಮಾಳಿಗೆಯ ದೃಶ್ಯಗಳಲ್ಲಿ ದನಿ ಕೇಳುತ್ತದೆ, ಪರದೆ ಬರೀ ಇದ್ದಿಲು.

ಎರಡನೆಯ ವಾರ

ಕೆಲಸ ಶುರುವಾಗುವ ಮೊದಲೇ ಒಂದು ವಾರ ತಿಂದದ್ದು ವೇಗದ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮು. ನಮ್ಮ ಹಳೆಯ ಟಿವಿಗಳ ಪಾಲ್ ಪದ್ಧತಿಯ ಡಿವಿಡಿಯಲ್ಲಿ 25. ಅಂದರೆ 96 ನಿಮಿಷದ ಚಿತ್ರ 92ಕ್ಕೇ ಮುಗಿಯುತ್ತದೆ. ಡಿವಿಡಿಗೆ ಕೂರಿಸಿದ ಸಾಲುಗಳನ್ನು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಿಂದ ಇಳಿಸಿಕೊಂಡ ಪ್ರತಿಗೆ ಹಾಕಿ ನೋಡಿದೆ. ಶುರುವಿನಲ್ಲಿ ಪರವಾಗಿಲ್ಲ ಎನಿಸಿತು. ಒಂದು ಗಂಟೆಯ ಹೊತ್ತಿಗೆ ಎರಡು ನಿಮಿಷ 24 ಸೆಕೆಂಡು ಮುಂದೆ ಓಡಿತ್ತು. ಪಾತ್ರ ಇನ್ನೂ ಮೊಳೆ ಹುಡುಕುತ್ತಿರುವಾಗಲೇ ಕೆಳಗೆ ಮುಂದಿನ ಜಗಳದ ಉತ್ತರ. ಎಲ್ಲವನ್ನೂ ಅಳಿಸಿ 24ರ ಲೆಕ್ಕಕ್ಕೆ ಮತ್ತೆ ಕೂರಿಸಿದೆ.

ಭಾವಮೈದುನ ಅಮೆರಿಕದಿಂದ ಬರುವಾಗ ಹಳೆಯ ಚಿತ್ರಗಳ ಡಿಸ್ಕು ಹೊರತರುವ ಕ್ರೈಟೀರಿಯನ್ ಕಂಪನಿಯವರು 2018ರಲ್ಲಿ ತಂದ ಬ್ಲೂರೇ ತಂದುಕೊಟ್ಟ. ಅದು ‘ಎ’ ವಲಯದ ಡಿಸ್ಕು, ಆ ವಲಯದ ಪ್ಲೇಯರಿನಲ್ಲಿ ಮಾತ್ರ ಓಡುವಂಥದ್ದು. ಭಾರತ ‘ಸಿ’ ವಲಯ. ನಮ್ಮ ಮನೆಯ ಪ್ಲೇಯರ್ ನುಂಗಿ ಉಗುಳಿತು. 2022ರ 4ಕೆ ಡಿಸ್ಕಿಗೆ ಈ ವಲಯದ ಕಾಟವಿಲ್ಲ, ಆದರೆ ಅದನ್ನು ಓದುವ ಯಂತ್ರ ನನ್ನಲ್ಲಿಲ್ಲ. ಕೊನೆಗೆ ಗೆಳೆಯನೊಬ್ಬನ ಮನೆಯಲ್ಲಿ ನೋಡಿದ್ದಾಯಿತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಮೂಲ ನೆಗೆಟಿವಿನಿಂದಲೇ ಚಿತ್ರವನ್ನು ಸರಿಪಡಿಸಿವೆ. ಇದ್ದಿಲಿನೊಳಗಿಂದ ಗೋಡೆ ಬಂತು, ಮೇಜಿನ ಮೇಲೆ ಮಲಗಿಸಿದ ಮಗುವಿನ ಮುಖ ಬಂತು. ಇಷ್ಟು ವರ್ಷ ನಾನು ನೋಡಿದ್ದು ಚಿತ್ರವನ್ನಲ್ಲ, ಅದರ ನೆರಳನ್ನು.

ನಾಲ್ಕನೆಯ ವಾರ

ಸಿಕ್ಕಿಬಿದ್ದಿದ್ದೇನೆ, ಅದೂ ಮೂರಕ್ಷರದ ಒಂದು ಮಾತಿನಲ್ಲಿ.

ಆರಂಭದಲ್ಲಿ ಸ್ಮಶಾನಕ್ಕೆ ಬಂದ ಅಣ್ಣ ತಂಗಿಯನ್ನು ಹೆದರಿಸುತ್ತಾನಲ್ಲ, ಆ ಪ್ರಸಿದ್ಧ ಮಾತು. ‘ಅವರು ನಿನ್ನನ್ನು ಹಿಡಿಯಲು ಬರುತ್ತಿದ್ದಾರೆ’ ಎಂದು ಬರೆದೆ. ಪೊಲೀಸರು ಬರುತ್ತಿರುವ ಹಾಗೆ ಕೇಳಿಸಿತು. ಮಕ್ಕಳಿಗೆ ನಾವು ‘ಗುಮ್ಮ ಬಂದ’ ಎನ್ನುತ್ತೇವೆಯೇ ಹೊರತು ‘ಬರುತ್ತಿದ್ದಾನೆ’ ಎನ್ನುವುದಿಲ್ಲ. ‘ಬಂದರು, ಬಾರ್ಬರಾ! ನಿನ್ನನ್ನೇ ಹಿಡಿಯಲು ಬಂದರು!’ ಎಂದು ತಿದ್ದಿದೆ. ಸರಿಯಾಯಿತು.

ಆದರೆ ಬಂದದ್ದು ‘ಅವರೋ’ ‘ಅವೋ’? ಇಂಗ್ಲಿಷಿನ ‘ದೇ’ ಎಂಬ ಸರ್ವನಾಮ ಇದನ್ನು ಹೇಳದೆಯೇ ದಾಟಿಬಿಡುತ್ತದೆ, ಮನುಷ್ಯರಿಗೂ ಮರದ ತುಂಡಿಗೂ ಒಂದೇ ಮಾತು. ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೆ ಬಂದಾಗಲಾದರೂ ಬಾಯಿ ಬಿಡಲೇಬೇಕು: ಬಂದರು, ಬಂದವು. ಸತ್ತು ಎದ್ದವರನ್ನು ಮನುಷ್ಯರೆಂದು ಎಣಿಸಿದೆನೋ ಇಲ್ಲವೋ ಎಂಬುದನ್ನು ಪ್ರತಿ ಸಾಲಿನಲ್ಲೂ ಒಪ್ಪಿಕೊಳ್ಳಬೇಕು. ಸಾವಿನ ಮನೆಯಲ್ಲಿ ‘ಎಷ್ಟು ಹೊತ್ತಿಗೆ ಎತ್ತುತ್ತಾರೆ?’ ಎಂದು ಕೇಳುವವರು ನಾವು. ಬೆಳಗ್ಗೆಯವರೆಗೆ ‘ಅವರು’ ಆಗಿದ್ದವರು ಮಧ್ಯಾಹ್ನಕ್ಕೆ ‘ಹೆಣ ಇನ್ನೂ ಇದೆ’.

ಸದ್ಯಕ್ಕೆ ಮಾಡಿಕೊಂಡ ನಿಯಮ: ಮನೆಯೊಳಗಿನವರಿಗೆ ವಿಷಯ ಏನೆಂದು ಗೊತ್ತಾಗುವವರೆಗೆ ‘ಅವರು’. ಗೊತ್ತಾದ ಮೇಲೆ ‘ಅವು’. ಬಾರ್ಬರಾ ಮಾತ್ರ ಕೊನೆಯವರೆಗೂ ‘ಅವರು’ ಎನ್ನುತ್ತಾಳೆ, ಅವಳ ಅಣ್ಣನೂ ಆ ಕಡೆ ಸೇರಿದ್ದಾನಲ್ಲ.

ನೆಲಮಾಳಿಗೆಯ ಮಗು ಕ್ಯಾರೆನ್ ವಿಷಯದಲ್ಲಿ ಈ ನಿಯಮಕ್ಕೆ ಕೆಲಸವೇ ಇಲ್ಲ. ‘ಮಗು ಮಲಗಿದೆ’, ‘ಮಗುವಿಗೆ ಜ್ವರ ಬಂದಿದೆ’, ‘ಮಗು ಎದ್ದಿದೆ’. ಬದುಕಿರುವಾಗಲೂ ಅದು, ಸತ್ತ ಮೇಲೂ ಅದು. ‘ಮಗು ಎದ್ದಿದೆ’ ಎಂದು ಬರೆದುಕೊಂಡು ಎದ್ದು ಹೋಗಿ ನೀರು ಕುಡಿದು ಬಂದೆ. (ಆ ಹುಡುಗಿಯ ತಂದೆಯಾಗಿ ನಟಿಸಿದ ಕಾರ್ಲ್ ಹಾರ್ಡ್‌ಮನ್ ನಿಜವಾಗಿಯೂ ಅವಳ ತಂದೆ. ಹೇಗೆ ಒಪ್ಪಿಸಿದನೋ.)

ಆರನೆಯ ವಾರ

ಹೆಸರಿನ ಜಿಜ್ಞಾಸೆ ಬೇಗ ಮುಗಿಯಿತು. ಚಿತ್ರದಲ್ಲಿ ಎಲ್ಲಿಯೂ ‘ಜಾಂಬಿ’ ಎಂಬ ಮಾತಿಲ್ಲ; ‘ಗೂಲ್’ (ಹೆಣ ತಿನ್ನುವ ಭೂತ) ಎನ್ನುತ್ತಾರೆ. ದೆವ್ವ ಎನ್ನೋಣವೆಂದರೆ ನಮ್ಮ ದೆವ್ವಕ್ಕೆ ಮೈಯಿಲ್ಲ, ಕಾಲು ಹಿಂದುಮುಂದು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹೋಗುವಷ್ಟು ಅಕ್ಷರಸ್ಥ ದೆವ್ವ. ಬೇತಾಳ ಹೆಣದೊಳಗೆ ಸೇರುತ್ತದೆ ನಿಜ, ಆದರೆ ಕಥೆ ಹೇಳಿ ಒಗಟು ಕೇಳುತ್ತದೆ. ಇವಕ್ಕೆ ಮಾತೇ ಬರದು. ಉಳಿದದ್ದು ಪಿಶಾಚಿ. ಪಿಶಿತ ಎಂದರೆ ಮಾಂಸ. ಮಾಂಸ ತಿನ್ನುವುದು ಪಿಶಾಚ ಎಂದು ಹಳಬರ ವ್ಯುತ್ಪತ್ತಿ. ಚಿತ್ರಕ್ಕೆ ಮೊದಲಿಗೆ ಇಟ್ಟ ಹೆಸರೇ ತಿರುಗಿ ಸಿಕ್ಕಿದಂತಾಯಿತು.

ನೀನು, ನೀವುಗಳದ್ದು ಇನ್ನೊಂದು ತಲೆನೋವು. ಮನೆಯೊಳಗೆ ಸಿಕ್ಕಿಬಿದ್ದವರಲ್ಲೊಬ್ಬನಾದ ಬೆನ್ ಪಾತ್ರ ಮಾಡಿದ ಡುವೇನ್ ಜೋನ್ಸ್ ಕಪ್ಪು ಜನಾಂಗದವನು, ಅವನೊಡನೆ ಕಾದಾಡುವ ಕ್ಯಾರೆನ್‌ಳ ಅಪ್ಪ ಹ್ಯಾರಿ ಬಿಳಿಯ. ಸಂಭಾಷಣೆಯಲ್ಲಿ ಬಣ್ಣದ ಮಾತು ಒಂದೂ ಇಲ್ಲ. ಪರೀಕ್ಷೆಯಲ್ಲಿ ಚೆನ್ನಾಗಿ ನಟಿಸಿದನೆಂದು ಜೋನ್ಸನನ್ನು ಆರಿಸಿದೆವು ಎಂದು ರೊಮೆರೊ ಹೇಳುತ್ತಿದ್ದರು. ಹ್ಯಾರಿಯಿಂದ ಮೊದಲೇ ‘ನೀನು’ ಎನ್ನಿಸಿದರೆ ಮೂಲದಲ್ಲಿ ಇಲ್ಲದ್ದನ್ನು ನಾನು ಬರೆದಂತೆ. ಇಬ್ಬರಿಗೂ ‘ನೀವು’ ಕೊಟ್ಟೆ. ಕೆಳಗೆ ನೀವು ಯಜಮಾನ, ಮೇಲೆ ನಾನು ಎಂದು ಬೆನ್ ಗುಡುಗುವವರೆಗೂ ಬಹುವಚನ ಹಾಗೇ ಇದೆ. ಕೋವಿಗೆ ಕೈ ಹಾಕಿದ ಮೇಲೆ ಇಬ್ಬರಿಗೂ ಏಕವಚನ. ಹ್ಯಾರಿಯ ಹೆಂಡತಿಯಿಂದ ‘ರೀ’ ಎನ್ನಿಸುವ ಆಸೆಯಾಗಿತ್ತು. ಸೀರೆ ಉಡಿಸಿದ ಹಾಗಾಗುತ್ತದೆ ಎಂದು ಬಿಟ್ಟೆ. ಗಂಡನನ್ನು ಕುಟುಕುವ ಅವಳ ಮಾತುಗಳಿಗೆ ‘ನೀನು’ವೇ ಮೊನಚು.

ಟಿವಿ ವಾರ್ತೆಯ ಭಾಗ ಸಲೀಸಾಗಿ ಹೋಯಿತು. ಆಕಾಶವಾಣಿ ಕೇಳಿ ಬೆಳೆದವನಿಗೆ ‘ಸಾರ್ವಜನಿಕರು ಮನೆಯಿಂದ ಹೊರಗೆ ಬಾರದಂತೆ ಕೋರಲಾಗಿದೆ’ ತಾನಾಗಿ ಬರುತ್ತದೆ.

ಎಂಟನೆಯ ವಾರ

ಪೆನ್‌ಡ್ರೈವಿನಲ್ಲಿ ಹಾಕಿ ಟಿವಿಗೆ ಚುಚ್ಚಿದರೆ ಕನ್ನಡದ ಜಾಗದಲ್ಲಿ ಸಾಲಾಗಿ ಚೌಕಗಳು. ಚಿಕ್ಕಮ್ಮನ ಮನೆಯ ಟಿವಿಯಲ್ಲಿ ಅಕ್ಷರ ಬಂತು, ಒತ್ತು ಬರಲಿಲ್ಲ: ‘ಹತ್ತಿರ’ ಹೋಗಿ ‘ಹತ್‌ತಿರ’. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಎಲ್ಲವೂ ಸರಿ. ಬೇರೆ ದಾರಿಯಿಲ್ಲದೆ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿದೆ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಸಾಲಿನ ನಡುವೆ ಜಾಗ ಹೆಚ್ಚಿಸಿದೆ. ಬೆನ್ನನ ತಿಳಿಬಣ್ಣದ ಅಂಗಿಯ ಮೇಲೆ ಬಿಳಿ ಅಕ್ಷರ ಕಾಣದೆ ತೆಳು ಹಳದಿ ಮಾಡಿದೆ.

ಒಂಬತ್ತನೆಯ ವಾರ, ಭಾನುವಾರ

ಅಪ್ಪ ನೋಡಿದರು. ನಡುವೆ ಒಂದು ಸಲವೂ ‘ಏನೆಂದ?’ ಎನ್ನಲಿಲ್ಲ.

ಬೆಳಗಾಗುತ್ತದೆ, ಷರೀಫನ (ಅಲ್ಲಿನ ಪೊಲೀಸ್ ಮುಖ್ಯಸ್ಥನ) ದಂಡು ಬರುತ್ತದೆ, ರಾತ್ರಿಯೆಲ್ಲ ಉಳಿದುಕೊಂಡ ಬೆನ್ನನನ್ನು ಕಿಟಕಿಯಲ್ಲಿ ಕಂಡು ಪಿಶಾಚಿಯೆಂದೇ ಗುಂಡು ಹಾರಿಸುತ್ತಾರೆ. ಆ ದಂಡಿನವರ ಬಾಯಲ್ಲಿ ಎಲ್ಲ ಕಡೆಯೂ ‘ಅವು’ ಇಟ್ಟಿದ್ದೆನಾದ್ದರಿಂದ ಇಲ್ಲಿಯೂ ‘ಸತ್ತಿತು. ಬೆಂಕಿಗೆ ಇನ್ನೊಂದು’ ಎಂದು ಬರೆದಿದ್ದೆ.

“ಇಲ್ಲಿ ತಪ್ಪಾಗಿದೆ,” ಎಂದರು ಅಪ್ಪ. “ಸತ್ತಿತು ಎಂದು ಬರೆದಿದ್ದೀಯ. ಅವನು ಅದಾಗಿರಲಿಲ್ಲವಲ್ಲ.”

ಹೊಡೆದವರಿಗೆ ಹಾಗೆ ಕಂಡಿತು, ಅದಕ್ಕೇ ಹಾಗೆ ಬರೆದೆ ಎಂದೆ.

“ಅವರಿಗೆ ಗೊತ್ತಿಲ್ಲ. ನಿನಗೆ ಗೊತ್ತಲ್ಲ?”

ರಾತ್ರಿ ಮೂಲವನ್ನು ಮತ್ತೆ ಕೇಳಿದೆ. ಷರೀಫ್ ಅಲ್ಲಿ ಪುಲ್ಲಿಂಗವನ್ನೇ ಬಳಸುತ್ತಾನೆ. ನಿಯಮದ ಭರದಲ್ಲಿ ನಾನೇ ಗಮನಿಸಿರಲಿಲ್ಲ. ‘ಸತ್ತ’ ಎಂದು ತಿದ್ದಿದೆ. ‘ಬೆಂಕಿಗೆ ಇನ್ನೊಂದು’ ಹಾಗೇ ಇದೆ. ಈಗ ಒಂದೇ ಉಸಿರಿನಲ್ಲಿ ‘ಅವನು’ ‘ಅದು’ ಆಗುತ್ತಾನೆ. ಫೈಲಿನ ಹೆಸರಿನ ಕೊನೆಗೆ 7 ಸೇರಿಸಿ ಉಳಿಸಿದ್ದೇನೆ. ಹಳೆಯ ಡಿವಿಡಿ ಇಟ್ಟುಕೊಂಡವರಿಗಾಗಿ 25 ಫ್ರೇಮಿನ ಪ್ರತಿ ಇನ್ನೂ ಬಾಕಿ.