ಒಳಪುಟದ ನೋಟಿಸು

ಹೊಸ ಕಾರ್ಖಾನಿ ಬರೋವಾಗ ಕಂಪನಿ ಮಾತು, ಸರ್ಕಾರದ ಮಾತು, ಪೇಪರ್ ಸುದ್ದಿ ಯಾವುದನ್ನೂ ನಂಬಬ್ಯಾಡ್ರಿ ಅನ್ನೋದು ಕೊಪ್ಪಳದಾಗ ಚಾದಂಗಡಿಗೊಂದು ಕೇಳತೈತಿ. ನಂಬಬ್ಯಾಡ್ರಿ, ಆದ್ರ ಪೇಪರಿನ ಒಳಪುಟದಾಗ ಬರೋ ಸಭೆಯ ಸಣ್ಣಕ್ಷರದ ನೋಟಿಸು ಓದ್ರಿ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಪರಿಸರ ಸಾರ್ವಜನಿಕ ಸಭೆಗೆ ಕನಿಷ್ಠ 30 ದಿನ ಮೊದಲು ಅದು ಬರಬೇಕು. ಕಾರ್ಖಾನಿಯಿಂದ ಪರಿಸರಕ್ಕ ಏನಾಗತೈತಿ ಅನ್ನೋ ಕರಡು ವರದಿ ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿಯಾಗ ನೋಡಾಕ ಸಿಗತೈತಿ. ಕನ್ನಡದ ಸಾರಾಂಶದಾಗ ಎಲ್ಲಾ ಚಂದನ ಇರ್ತೈತಿ ಬಿಡ್ರಿ. ಪೂರ್ತಿ ವರದಿಯಾಗ ಗಾಳಿ ಅಳತಿ ಯಾವ ತಿಂಗಳು, ಯಾವ್ಯಾವ ಊರಾಗ ಮಾಡ್ಯಾರ, ಹೊಗಿ ಹೊಳ್ಳೋ ದಿಕ್ಕಿನ ಊರು ಬಿಟ್ಟಾರೇನು ನೋಡ್ರಿ.

ಸಭೆಗೆ ಕೋರಂ, ಅಂದ್ರ ಕನಿಷ್ಠ ಇಷ್ಟು ಮಂದಿ ಇರಬೇಕು ಅನ್ನೋ ನಿಯಮ ಇಲ್ಲ, ಹತ್ತು ಮಂದಿ ಬಂದ್ರೂ ನಡೀತೈತಿ. ಮೈಕಿನಾಗ ಕೂಗಿದ್ದು ಗದ್ದಲದಾಗ ಹೋಗತೈತಿ; ಬರೆದು ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ರಿ. ಕೊನೆಗೆ ನಡಾವಳಿ ಕನ್ನಡದಾಗ ಓದಿ ಹೇಳಬೇಕು, ಅಲ್ಲೀತನಕ ಏಳಬ್ಯಾಡ್ರಿ.